ಕಣ್ಣಿನ ಬಿಳುಪು

ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಬಣ್ಣದ ಮೇಷ್ಟ್ರು ಎಂದೇ. ಗೋಡೆಯಿಂದ ಎದ್ದ ಒಂದು ಚಕ್ಕೆ ಕೊಟ್ಟರೆ ಸಾಕು, ಅದೇ ಬಣ್ಣ ಬೆರೆಸಿ, ಬಿಳಿ ರಟ್ಟಿಗೆ ಬಳಿದು, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಟ್ಯೂಬ್‌ಲೈಟನ್ನು ನಂಬುವ ಜಾಯಮಾನ ಅವರದಲ್ಲ. ಬಣ್ಣ ಹೊಂದಲಿಲ್ಲವೆಂದು ಯಾರಾದರೂ ಡಬ್ಬಿ ವಾಪಸು ತಂದರೆ ದಿನವಿಡೀ ಮುಖ ಊದಿಸಿಕೊಂಡು ಕೂರುವಷ್ಟು ಜಂಬವೂ ಇತ್ತು.

ಆ ಕಣ್ಣು ಒಂದು ಜೀವವನ್ನೂ ಉಳಿಸಿತು. ಹೆಂಡತಿಯ ಅಕ್ಕ ಮನೆಗೆ ಬಂದಾಗ, "ಅಕ್ಕಾ, ನಿಮ್ಮ ಕಣ್ಣು ಹಳದಿಗೆ ತಿರುಗಿದೆ, ಡಾಕ್ಟರಿಗೆ ತೋರಿಸಿ" ಎಂದು ಹಟ ಹಿಡಿದರು. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ. ಪಿತ್ತನಾಳವನ್ನು ಒತ್ತಿ ಕಾಮಾಲೆ ತಂದಿತ್ತು. ಚಿಕ್ಕದಿದ್ದಾಗಲೇ ಸಿಕ್ಕಿತು, ತೆಗೆದುಹಾಕಿದರು. ಈ ಜಾತಿಯ ಗಡ್ಡೆ ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ, ತಂಗಿಯನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಎಡವಟ್ಟಾದದ್ದು ಅಲ್ಲೇ. ಆ ಪರೀಕ್ಷೆಯನ್ನು ಮೇಷ್ಟ್ರು ತಾವೇ ವಹಿಸಿಕೊಂಡುಬಿಟ್ಟರು. ದಿನಾ ಬೆಳಿಗ್ಗೆ ಹೆಂಡತಿಯನ್ನು ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲಿಸಿ, ಕೆಳರೆಪ್ಪೆ ಎಳೆದು ನೋಡುವುದು.

"ಅಪ್ಪಟ ಬಿಳಿ."

"ಬೆನ್ನು ಹಿಡ್ಕೊಳ್ಳುತ್ತೆ ರೀ, ಊಟಾನೂ ಸೇರಲ್ಲ. ಒಂದ್ಸಲ ಆ ಸ್ಕ್ಯಾನ್ ಮಾಡಿಸಿಬಿಡೋಣ್ವಾ?"

"ಏನಾದ್ರೂ ಇದ್ದಿದ್ರೆ ನನ್ನ ಕಣ್ಣಿಗೆ ಬೀಳದೆ ಇರುತ್ತೇನೇ?"

ಸಡಿಲವಾದ ಉಂಗುರಕ್ಕೆ ಆಕೆ ದಾರ ಸುತ್ತಿಕೊಂಡದ್ದು ಮಾತ್ರ, ಪಾಪ, ಆ ಕಣ್ಣಿಗೆ ಬೀಳಲೇ ಇಲ್ಲ.

ಕೊನೆಗೆ ಅಕ್ಕನೇ ಜಗಳ ಮಾಡಿ ಸ್ಕ್ಯಾನಿಗೆ ಕರೆದೊಯ್ದರು. ಅದೇ ಜಾತಿಯ ಗಡ್ಡೆ, ಆದರೆ ಗ್ರಂಥಿಯ ಬಾಲದ ತುದಿಯಲ್ಲಿ.

"ತಲೆ ಕಡೆ ಇದ್ರೆ ಪಿತ್ತನಾಳ ಪಕ್ಕದಲ್ಲೇ ಇರುತ್ತೆ, ಬೇಗ ಹಳದಿ ಕಾಣುತ್ತೆ," ಎಂದರು ಡಾಕ್ಟರು. "ಬಾಲದ ಕಡೆ ಹಾಗಲ್ಲ, ಸದ್ದಿಲ್ಲದೆ ಬೆಳೆಯುತ್ತೆ. ಇವರದ್ದು ಆಗ್ಲೇ ಲಿವರ್‌ಗೆ ಹರಡಿದೆ."

"ಕಣ್ಣು ಬೆಳ್ಳಗೇ ಇತ್ತಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು.

ಇಂಜೆಕ್ಷನ್ನುಗಳು ಒಂದಷ್ಟು ಕಾಲ ತಡೆದವು. ಮೇಷ್ಟ್ರು ಕಿಟಕಿಯ ಹತ್ತಿರ ಕರೆಯುವುದನ್ನೇ ಬಿಟ್ಟರು. ಹೆಂಡತಿ ಒಂದು ದಿನವೂ ಆಡಿ ತೋರಿಸಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಆಕೆಯೇ ಕರೆದಳು. "ರೀ, ಪರದೆ ಸರಿಸಿ. ನನ್ನ ಕಣ್ಣು ನೋಡಿ ಎಷ್ಟು ದಿನ ಆಯ್ತು."

ರೆಪ್ಪೆ ಎಳೆದು ನೋಡಿದರು. ಕಡು ಹಳದಿ. ಇಷ್ಟು ಕಾಲ ಕಾದದ್ದು ಈಗ ಬಂದಿತ್ತು, ಇನ್ನೇನೂ ಮಾಡಲಾಗದ ಹೊತ್ತಿನಲ್ಲಿ.

"ಅಪ್ಪಟ ಬಿಳಿ ಕಣೇ," ಎಂದರು. ಬಣ್ಣದ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದು ಅದೇ ಮೊದಲು.

"ಹಾಗಾದ್ರೆ ಸರಿ," ಎಂದು ಆಕೆ ಅವರ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಪುಟ್ಟ ಕನ್ನಡಿಯೊಂದನ್ನು ಮೆಲ್ಲಗೆ ದಿಂಬಿನಡಿಗೆ ತಳ್ಳಿದಳು. ಮೇಷ್ಟ್ರು ಕಂಡೂ ಕಾಣದವರಂತೆ ಕೂತರು.