ಮಾರ್ಕೆಟ್ ರಸ್ತೆಯಲ್ಲಿ ದೊಡ್ಡ ಕಾರು

ಆ ಕಾರು ನಮ್ಮ ಎಸ್ಟೇಟಿಗೆ ಬಂದದ್ದು ಎರಡು ಸಾವಿರದ ಆರರಲ್ಲಿ, ಕಾಫಿ ಹೂ ಉದುರಿ ಕಾಯಿ ಕಚ್ಚುವ ಹೊತ್ತಿಗೆ. ನಮ್ಮ ಯಜಮಾನರೇ ಬೆಂಗಳೂರಿಗೆ ಹೋಗಿ ಓಡಿಸಿಕೊಂಡು ಬಂದಿದ್ದರು. ಕಪ್ಪು ಬಣ್ಣ, ನಮ್ಮ ಹಳೇ ಜೀಪಿಗಿಂತ ಒಂದೂವರೆ ಪಟ್ಟು ಅಗಲ, ಒಳಗೆಲ್ಲ ತೊಗಲಿನ ಸೀಟು. ಆಲ್ದೂರಿನಿಂದ ನಮ್ಮ ತೋಟಕ್ಕೆ ಬರುವ ಮಣ್ಣು ರಸ್ತೆಯ ಧೂಳು ಅದರ ಮೇಲೆ ಕೂತಿತ್ತು. ಅವರು ಇಳಿದವರೇ ಟವೆಲಿನಿಂದ ಬಾನೆಟ್ ಒರೆಸಿ, ನನ್ನ ಮುಖ ನೋಡಿದರು.

"ಇದು ಎಂತಕ್ಕೆ ನಮಗೆ?" ಅಂದೆ.

"ಗುಡ್ಡ ಹತ್ತೋಕೆ."

"ಜೀಪು ಹತ್ತಲ್ವಾ?"

"ಹತ್ತುತ್ತೆ ಮಾರಾಯ್ತಿ. ಇದು ಹಾರುತ್ತೆ."

ಹಾರುವುದು ಎಂದರೇನು ಎಂದು ಮರುದಿನ ಬೆಳಿಗ್ಗೆಯೇ ತೋರಿಸಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತಿಗುಂಡಿಯ ಕಡೆ ಏರಿದರು. ಕೆಳಗೆ ಕಣಿವೆ, ಮೇಲೆ ಬೋಳು ಗುಡ್ಡ. ಒಂದೊಂದು ತಿರುವಿನಲ್ಲೂ ನಾನು ಬಾಗಿಲಿನ ಹಿಡಿ ಹಿಡಿದು ಕಣ್ಣು ಮುಚ್ಚುತ್ತಿದ್ದೆ, ಅವರು ನಗುತ್ತಿದ್ದರು. ಮನೆಗೆ ಬಂದ ಮೇಲೆ ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ. ನನಗೆ ಡ್ರೈವಿಂಗ್ ಗೊತ್ತಿತ್ತು. ಹತ್ತು ವರ್ಷ ಒಂದು ಸಣ್ಣ ಕಾರು ಓಡಿಸಿದ್ದೆ. ದೊಡ್ಡದು ಬಂದ ಮೇಲೆ ಆ ಸಣ್ಣ ಕಾರನ್ನು ಮೂಡಿಗೆರೆಯ ನಾದಿನಿಗೆ ಕೊಟ್ಟುಬಿಟ್ಟಿದ್ದರು. ಅದಕ್ಕೂ ಸಿಟ್ಟಿತ್ತು.

"ಬಾ, ಕೂತ್ಕೊ, ಕಲ್ಸ್ತೀನಿ. ನಿನ್ನ ಸಣ್ಣ ಕಾರಿಗಿಂತ ಸುಲಭ. ಕ್ಲಚ್ಚೇ ಇಲ್ಲ ಇದ್ರಲ್ಲಿ," ಎಂದು ಮೂರ್ನಾಲ್ಕು ಸಲ ಕರೆದರು.

"ನಿಮ್ಮ ಆಟದ ಸಾಮಾನು ನಿಮಗೇ ಇರ್ಲಿ," ಎಂದೆ. ಆಮೇಲೆ ಅವರು ಕರೆಯಲಿಲ್ಲ.

ಮುಂದಿನ ಜನವರಿ, ಹಣ್ಣು ಕೊಯ್ಲಿನ ಸಮಯ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರು ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಕಾಲಿನಿಂದ ಕೆದರುತ್ತಾ ರೈಟರ ಜೊತೆ ಮಾತಾಡುತ್ತಿದ್ದರು. ರೈಟರು ಎಂದರೆ ನಮ್ಮ ಎಸ್ಟೇಟಿನ ಲೆಕ್ಕಪತ್ರ, ಆಳುಗಳ ಹಾಜರಿ ನೋಡಿಕೊಳ್ಳುವವರು. ಇಪ್ಪತ್ತು ವರ್ಷದಿಂದ ನಮ್ಮಲ್ಲಿದ್ದವರು. ರೈಟರ ಕೂಗು ಕೇಳಿ ನಾನು ಅಡಿಗೆಮನೆಯಿಂದ ಓಡಿದೆ. ಯಜಮಾನರು ಕಾಫಿಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಬಲಗೈ ಎತ್ತಿದರೆ ಕೆಳಗೆ ಬೀಳುತ್ತಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದ್ದವು.

ಆ ಕಾರು ಓಡಿಸಲು ಗೊತ್ತಿದ್ದ ನಮ್ಮ ಡ್ರೈವರು ಅಂದು ರಜೆಯಲ್ಲಿ ಊರಿಗೆ ಹೋಗಿದ್ದ. ನಾನು ಅವರ ಜೇಬಿನಿಂದ ಕೀ ತೆಗೆದು ರೈಟರ ಕೈಗಿಟ್ಟೆ. ನಾಲ್ಕು ಜನ ಆಳುಗಳು ಅವರನ್ನೆತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ರೈಟರು ಕೀ ಮೇಲಿನ ಯಾವುದೋ ಗುಂಡಿ ಒತ್ತಿದರು. ಕಾರು ಅರಚಿಕೊಳ್ಳಲು ಶುರುಮಾಡಿತು, ದೀಪಗಳೆಲ್ಲ ಮಿನುಗಿದವು. ಅದು ಹೇಗೋ ನಿಂತಿತು. ಇಂಜಿನ್ ಶುರುವಾಯಿತು. ಆದರೆ ಗೇರಿನ ಕಡ್ಡಿ ಅಲುಗಲೊಲ್ಲದು. ಜೀಪು ಓಡಿಸಿ ರೂಢಿಯಿದ್ದ ಆ ಮನುಷ್ಯ ಎಡಗಾಲಿನಿಂದ ಇಲ್ಲದ ಕ್ಲಚ್ಚನ್ನು ಹುಡುಕುತ್ತಿದ್ದರು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಅಮ್ಮಾ, ಇದು ಬರ್ತಾ ಇಲ್ಲ. ಎಂತ ಮಾಡೋದು ಅಮ್ಮಾ?"

ಬ್ರೇಕ್ ತುಳಿದುಕೊಂಡೇ ಆ ಕಡ್ಡಿಯನ್ನು ಎಳೆಯಬೇಕು, ಅಷ್ಟೇ. ಅದು ಇಬ್ಬರಿಗೂ ಗೊತ್ತಿರಲಿಲ್ಲ. ಹಿಂದೆ ಮಲಗಿದ್ದವರಿಗೆ ಗೊತ್ತಿತ್ತು. ಅವರ ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು, ಅದು ಮಾತಾಗುತ್ತಿರಲಿಲ್ಲ. ಕೊನೆಗೆ ಅವರನ್ನು ಮತ್ತೆ ಇಳಿಸಿ ಹಳೇ ಜೀಪಿಗೆ ಹಾಕಿದೆವು. ಹತ್ತು ನಿಮಿಷ ಹೋಗಿತ್ತು. ವಸ್ತಾರೆ ದಾಟುವವರೆಗೂ ಪ್ರತಿ ಗುಂಡಿಗೂ ಅವರ ತಲೆ ನನ್ನ ಮಡಿಲಲ್ಲಿ ಎತ್ತಿ ಎತ್ತಿ ಬೀಳುತ್ತಿತ್ತು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಭಾಗ ಮತ್ತು ಮಾತು ಹೋದವು. "ಹತ್ತು ನಿಮಿಷ ಮೊದಲೇ ಬಂದಿದ್ರೆ?" ಎಂದು ಡಾಕ್ಟರನ್ನು ಕೇಳಿದೆ.

"ಹಾಗೆಲ್ಲ ಹೇಳೋಕಾಗಲ್ಲಮ್ಮ," ಎಂದರು ಅವರು, ನನ್ನ ಮುಖ ನೋಡದೆ. ಹೇಳೋಕಾಗಲ್ಲ ಎಂದರೆ ಹೌದು ಎಂದೇ ನಾನು ತಿಳಿದುಕೊಂಡೆ.

ದಿನಾ ವ್ಯಾಯಾಮ ಮಾಡಿಸಬೇಕು, ಮಾತು ಕಲಿಸಬೇಕು ಎಂದರು. ನಮಗೆ ಮಕ್ಕಳಿಲ್ಲ. ತೋಟವನ್ನು ರೈಟರಿಗೆ ಒಪ್ಪಿಸಿ, ಪೇಟೆಯಲ್ಲೊಂದು ಬಾಡಿಗೆ ಮನೆ ಹಿಡಿದೆ. ಫಿಸಿಯೋಥೆರಪಿ ಮಾಡಿಸುವ ಜಾಗ ಅಲ್ಲಿಂದ ಒಂದೂವರೆ ಕಿಲೋಮೀಟರ್. ಮೊದಲ ವಾರ ಆಟೋದಲ್ಲಿ ಕರೆದುಕೊಂಡು ಹೋದೆ. ಬಗ್ಗಿ ಒಳಗೆ ಕೂರಲು ಅವರಿಗೆ ಆಗುತ್ತಿರಲಿಲ್ಲ. ಒಂದು ದಿನ ತಲೆ ಕಂಬಿಗೆ ತಾಗಿತು. ನೋವಿಗಿಂತ ಹೆಚ್ಚಾಗಿ, ಆಟೋದವನು ಅವರನ್ನು ಮೂಟೆಯಂತೆ ಒಳಗೆ ತಳ್ಳಿದ್ದಕ್ಕೆ ಅವರ ಕಣ್ಣಲ್ಲಿ ನೀರು ಬಂತು.

ಆ ಭಾನುವಾರ ನಾನು ಎಸ್ಟೇಟಿಗೆ ಹೋಗಿ ಡ್ರೈವರನ್ನು ಕರೆದೆ. ಆ ದಿನ ತಾನಿರಲಿಲ್ಲ ಎಂಬ ಸಂಕಟದಲ್ಲಿ ಅವನು ನನ್ನೆದುರು ತಲೆ ಎತ್ತುತ್ತಿರಲಿಲ್ಲ.

"ನಾನೇ ಬಂದು ಓಡಿಸ್ತೀನಿ ಅಮ್ಮ. ನೀವ್ಯಾಕೆ ಕಷ್ಟಪಡ್ತೀರಿ?"

"ನೀನು ಕಲಿಸು. ಇನ್ನೊಂದ್ಸಲ ನಾನು ಕೀ ಹಿಡ್ಕೊಂಡು ನಿಲ್ಲೋದು ಬೇಡ."

ಕಾಫಿಯನ್ನು ಮೂಟೆಗೆ ತುಂಬಿಸಿ ಖಾಲಿಯಾಗಿದ್ದ ಅದೇ ಕಣದಲ್ಲಿ ಸುತ್ತು ಹಾಕಿಸಿದ. ಮೊದಲು ಹೇಳಿಕೊಟ್ಟದ್ದು ಬ್ರೇಕ್ ತುಳಿದು ಗೇರು ಹಾಕುವುದನ್ನು. ಅದು ಎಷ್ಟು ಸುಲಭವಾಗಿ ಜಾರಿತೆಂದರೆ, ನಾನು ಸ್ಟೀರಿಂಗಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತೆ. ಅವನು ಬಾಗಿಲು ತೆಗೆದು ಇಳಿದು ಆಚೆ ಹೋಗಿ ನಿಂತ.

ಆ ಕಾರಿನಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಇಡೀ ಗಾಡಿ ಮೆಲ್ಲಗೆ ನಾಲ್ಕು ಬೆರಳಿನಷ್ಟು ಕೆಳಗೆ ಇಳಿಯುತ್ತಿತ್ತು. ಹತ್ತುವವರಿಗೆ ಅನುಕೂಲವಾಗಲಿ ಎಂದು. ನಾನು ಅವರ ಸೊಂಟ ಹಿಡಿದು ಸೀಟಿನ ಅಂಚಿಗೆ ತಂದರೆ, ನುಣುಪಾದ ತೊಗಲಿನ ಮೇಲೆ ಅವರೇ ಎಡಗಾಲು ಒತ್ತಿ ಹಿಂದಕ್ಕೆ ಜಾರಿಕೊಳ್ಳುತ್ತಿದ್ದರು. ಯಾರೂ ಎತ್ತಬೇಕಾಗಿರಲಿಲ್ಲ. ಇದೊಂದಕ್ಕಾಗಿ ನಾನು ಆ ಕಾರಿನ ಮೇಲಿನ ಸಿಟ್ಟನ್ನು ಬಿಟ್ಟೆ.

ಪೇಟೆಯಲ್ಲಿ ಅದನ್ನು ಓಡಿಸುವುದು ಮಾತ್ರ ಒಂದು ತಪಸ್ಸೇ. ಮೀಟರಿನಲ್ಲಿ ಇನ್ನೂರ ಅರವತ್ತರವರೆಗೆ ಅಂಕಿ ಇದ್ದವು. ಮಾರ್ಕೆಟ್ ರಸ್ತೆಯಲ್ಲಿ ನಾನು ಇಪ್ಪತ್ತು ದಾಟಿದರೆ ಹೆಚ್ಚು. ಕಾಲನ್ನು ಆಕ್ಸಿಲರೇಟರಿನ ಮೇಲೆ ಸುಮ್ಮನೆ ಇಟ್ಟರೂ ಅದು ಮುಂದಕ್ಕೆ ನೆಗೆಯಲು ನೋಡುತ್ತಿತ್ತು. ಇಡೀ ದಾರಿ ಬ್ರೇಕಿನ ಮೇಲೇ ಕಾಲು. ಸಂಜೆ ಹೊತ್ತಿಗೆ ಬಲ ಮೀನಖಂಡ ಸೆಳೆಯುತ್ತಿತ್ತು. ಹತ್ತಿರ ಏನೇ ಬಂದರೂ ಅದು ಕೀಂ ಕೀಂ ಎನ್ನುತ್ತಿತ್ತು. ನಮ್ಮ ಪೇಟೆಯಲ್ಲಿ ಹತ್ತಿರ ಬರದೇ ಇರುವುದು ಯಾವುದಿದೆ? ಸ್ಕೂಟರು, ತಳ್ಳುಗಾಡಿ, ದನ, ಶಾಲೆಗೆ ಹೋಗುವ ಮಕ್ಕಳು, ಎಲ್ಲದಕ್ಕೂ ಕೀಂ. ಎದುರಿಗೆ ಬಸ್ಸು ಬಂದರೆ ಕನ್ನಡಿ ಮಡಚಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹೊಡೆದ ದಿನಗಳಿವೆ. ಅಂಗಡಿಯವರು ಮೆಟ್ಟಿಲಿಗೆ ಬಂದು, "ಅಮ್ಮಾ, ಇಲ್ಲಿ ಬೇಡ, ಗಿರಾಕಿಗೆ ದಾರಿ ಇಲ್ಲ" ಎನ್ನುತ್ತಿದ್ದರು. ಒಳಗೆ ಕೂತಿರುವುದು ಯಾರು, ಯಾಕೆ ಎಂದು ಕಪ್ಪು ಗಾಜಿನ ಆಚೆಯಿಂದ ಯಾರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಬ್ಬ ಸಾಹುಕಾರರ ಹೆಂಡತಿ, ಒಂದು ದೊಡ್ಡ ಕಾರು.

ಆ ವರ್ಷದ ಗಣಪತಿ ಹಬ್ಬದ ಹಿಂದಿನ ದಿನ ಅದು ನಡೆಯಿತು. ರಸ್ತೆಯ ಎರಡೂ ಬದಿ ಹೂವು, ಬಾಳೆಕಂದು, ಗರಿಕೆ ಮಾರುವವರು. ಎದುರಿಗೆ ಲಾರಿ ಬಂದು ನಿಂತಿತು. ಹಿಂದೆ ತೆಗೆಯಬೇಕಾಯಿತು. ಬೆಳಗಿನಿಂದ ಕೀಂಗುಟ್ಟುತ್ತಲೇ ಇದ್ದ ಸದ್ದಿಗೆ ನನ್ನ ಕಿವಿ ಮಂದವಾಗಿತ್ತು. ಏನೋ ಮೆತ್ತಗೆ ಒತ್ತಿದ ಹಾಗಾಯಿತು. ಕೂಗು ಕೇಳಿತು. ಇಳಿದು ನೋಡಿದರೆ ಹಿಂದಿನ ಚಕ್ರದ ಕೆಳಗೆ ಸೇವಂತಿಗೆಯ ಬುಟ್ಟಿ. ಹೂವಿನ ಹೆಂಗಸು ಕೈ ಎಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಕೈಗೆ ಏನೂ ಆಗಿರಲಿಲ್ಲ. ಒಂದು ಗೇಣು ಆಚೀಚೆಯಾಗಿದ್ದರೆ ಆಗುತ್ತಿತ್ತು.

"ಕಣ್ಣು ಕಾಣಲ್ವೇನಮ್ಮ? ಇಂಥ ಗಾಡಿ ತಗೊಂಡು ಇಲ್ಲಿಗೆ ಬರ್ತಾರಾ? ನಾನು ಸತ್ತಿದ್ರೆ ಏನ್ ಮಾಡ್ತಿದ್ರಿ?"

"ದುಡ್ಡಿನ ಸೊಕ್ಕು ಕಣಕ್ಕ, ಇನ್ನೇನು," ಎಂದರು ಯಾರೋ. ಜನ ಸುತ್ತ ಸೇರಿದರು.

ಎಂಟು ತಿಂಗಳು ಒಳಗೇ ಇದ್ದದ್ದೆಲ್ಲ ನನ್ನ ಬಾಯಿಗೆ ಬಂತು. "ರಸ್ತೆ ಮೇಲೆ ಬುಟ್ಟಿ ಇಟ್ರೆ ಇನ್ನೇನಾಗುತ್ತೆ? ನಾನೂ ಮನುಷ್ಯಳೇ ಅಲ್ವಾ?" ಎಂದು ಕೂಗಿದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

ಆಗ ಕಾರಿನ ಗಾಜಿಗೆ ಒಳಗಿನಿಂದ ಬಡಿದ ಸದ್ದು. ಯಜಮಾನರು ಎಡಗೈಯಿಂದ ಬಡಿಯುತ್ತಿದ್ದರು. ಬಾಗಿಲು ತೆಗೆದೆ. ಅವರು ಹೂವಿನವಳ ಕಡೆ ಮುಖ ತಿರುಗಿಸಿದರು. ತುಟಿ ಅದುರುತ್ತಿತ್ತು. ಕತ್ತಿನ ನರ ಉಬ್ಬಿತ್ತು.

"ತಪ್... ತಪ್ಪಾಯ್ತು."

ಎಂಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ನೀರು, ಅನ್ನ ಎಂಬ ಮಾತುಗಳನ್ನು ಹೇಳಿಸಲು ನಾವು ಪ್ರತಿದಿನ ಹೆಣಗುತ್ತಿದ್ದೆವು. ಅವು ಬಂದಿರಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಮಾತನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹೂವಿನವಳು ಹತ್ತಿರ ಬಂದು, ತೊಡೆಯ ಮೇಲೆ ಬಿದ್ದಿದ್ದ ಅವರ ಬಲಗೈ ನೋಡಿದಳು. ಅವಳ ಮುಖ ಬದಲಾಯಿತು. "ಅಯ್ಯೋ, ಇವ್ರಿಗೆ ಹುಷಾರಿಲ್ವಾ? ಮೊದ್ಲೇ ಹೇಳೋದಲ್ವಾ ಅಮ್ಮ?" ಎಂದಳು. ನಾನು ಹೂವಿನ ದುಡ್ಡು ಕೊಟ್ಟೆ, ಅವಳು ತೆಗೆದುಕೊಂಡಳು. ಉಳಿದ ಬುಟ್ಟಿಗಳನ್ನು ಅವಳೇ ಗೋಡೆಗೆ ಸರಿಸಿ, "ಬನ್ನಿ, ಬನ್ನಿ, ಹಿಂದೆ ಬನ್ನಿ" ಎಂದು ಕೈ ಮಾಡಿ ಕಾರನ್ನು ಹೊರಗೆ ತೆಗೆಸಿದಳು.

ಸ್ವಲ್ಪ ಮುಂದೆ ಒಂದು ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿದೆ. ಅಂದು, ಎಂಟು ತಿಂಗಳಾದ ಮೇಲೆ, ಅವರಿಗೆ ಹೇಳಿದೆ. "ನೀವು ಕರೆದಾಗ ನಾನು ಕಲಿತಿದ್ರೆ ಹೀಗಾಗ್ತಿರ್ಲಿಲ್ಲ. ನನ್ನಿಂದ ಆಯ್ತು." ಅವರು ಜೋರಾಗಿ ತಲೆ ಅಲ್ಲಾಡಿಸಿದರು. ಏನೋ ಹೇಳಲು ನೋಡಿದರು. ಮಾತು ಬರಲಿಲ್ಲ. ಎಡಗೈಯನ್ನು ತಂದು ಸ್ಟೀರಿಂಗಿನ ಮೇಲಿದ್ದ ನನ್ನ ಕೈ ಮೇಲೆ ಇಟ್ಟರು. ತಡವಾಯಿತೆಂದು ಫಿಸಿಯೋಥೆರಪಿಯವರು ಫೋನ್ ಮಾಡುವವರೆಗೂ ಹಾಗೇ ಕೂತಿದ್ದೆವು.

ಆಮೇಲೆ ಒಂದೊಂದೇ ಮಾತು ಬಂದವು. ಹೆಚ್ಚಿನವು ಆ ಕಾರಿನಲ್ಲೇ ಬಂದವು. "ಎಡ", "ನಿಲ್ಸು", "ಹಾರ್ನ್ ಹೊಡಿ." ಹಾರುತ್ತೆ ಎಂದವರು ಈಗ ನಾನು ಇಪ್ಪತ್ತೈದು ದಾಟಿದರೆ "ನಿಧಾನ" ಎನ್ನುತ್ತಿದ್ದರು. ಒಂದೂವರೆ ವರ್ಷಕ್ಕೆ ಕೋಲು ಹಿಡಿದು ನಡೆದರು. ನಾವು ಎಸ್ಟೇಟಿಗೆ ವಾಪಸು ಬಂದೆವು. ವಾರಕ್ಕೆರಡು ಸಲ ಪೇಟೆಗೆ ಹೋಗಿ ಬರುವುದು ನಡೆದೇ ಇತ್ತು. ಓಡಿಸುತ್ತೇನೆಂದು ಅವರು ಒಮ್ಮೆಯೂ ಕೇಳಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಶೆಡ್ಡಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತು, ಇಂಜಿನ್ ಹಾಕದೆ ಎಡಗೈಯಿಂದ ಸ್ಟೀರಿಂಗ್ ಹಿಡಿದುಕೊಂಡಿದ್ದರು. ನಾನು ನೋಡಿ, ಕಾಣದ ಹಾಗೆ ಹಿಂದಕ್ಕೆ ಬಂದೆ.

ಮತ್ತೆ ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವರ ಲೋಟ ಕೈಜಾರಿತು. ಈ ಸಲ ಓಡಿಸಲು ನಾನು ಯಾರನ್ನೂ ಕರೆಯಲಿಲ್ಲ. ಡ್ರೈವರೂ ಇದ್ದ. ಅವನನ್ನು ಹಿಂದೆ ಅವರ ಪಕ್ಕದಲ್ಲಿ ಕೂರಿಸಿ ನಾನೇ ಓಡಿಸಿದೆ. ಆಲ್ದೂರು, ವಸ್ತಾರೆ, ಪೇಟೆ. ಆ ಕಾರಿಗೆ ಎಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಏರಿನಲ್ಲಿ ಲಾರಿಗಳನ್ನು ಹಿಂದಕ್ಕೆ ಹಾಕಿತು. ಗುಂಡಿಗಳು ಗೊತ್ತಾಗಲೇ ಇಲ್ಲ. ಹಿಂದಿನಿಂದ ಅವರು "ನಿಧಾನ" ಎನ್ನಲಿಲ್ಲ.

"ಒಳ್ಳೇ ಹೊತ್ತಿಗೆ ತಂದಿರಿ ಅಮ್ಮ," ಎಂದರು ಡಾಕ್ಟರು.

ನಾಲ್ಕನೆಯ ದಿನ ಯಜಮಾನರು ಹೋದರು.

ಹೊತ್ತಿಗೆ ಸರಿಯಾಗಿ ತಲುಪಿದರೂ ಆಗುವುದು ಆಯಿತು. ಅಷ್ಟು ವರ್ಷ ನನ್ನನ್ನು ತಿಂದಿದ್ದ ಆ ಹತ್ತು ನಿಮಿಷಕ್ಕೆ ಇದರಿಂದ ಉತ್ತರ ಸಿಕ್ಕಿತು ಎಂದು ಹೇಳಲಾರೆ. ಆದರೆ ಅದನ್ನು ಹಿಡಿದು ಎಳೆಯುವುದನ್ನು ನನ್ನ ಮನಸ್ಸು ಬಿಟ್ಟಿತು.

ಮುಂದಿನ ಬೇಸಿಗೆಯಲ್ಲಿ ಕಾರನ್ನು ಹಾಸನದ ಒಬ್ಬರಿಗೆ ಮಾರಿದೆ. ಅವರು ಸುತ್ತಲೂ ನೋಡಿ, ಬಾಗಿಲುಗಳ ಮೇಲಿನ ಗೀರುಗಳ ಮೇಲೆ ಬೆರಳಾಡಿಸಿ, "ಇಂಥ ಗಾಡಿನ ಪೇಟೆಯೊಳಗೆ ತಿರುಗಿಸ್ತಿದ್ರಾ ಅಮ್ಮ?" ಎಂದು ಆಶ್ಚರ್ಯದಿಂದ ಕೇಳಿದರು. ಹೌದು ಎಂದೆ.

ಎರಡು ದಿನ ಬಿಟ್ಟು ಯಾವುದೋ ಕಾಗದಕ್ಕೆ ಸಹಿ ಹಾಕಲು ಪೇಟೆಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಹೋದೆ. ಆಲ್ದೂರಿನಲ್ಲಿ ನೂಕುನುಗ್ಗಲು. ನಮ್ಮ ಕಡೆಯ ಒಬ್ಬ ಮೇಸ್ತ್ರಿಯ ಹೆಂಡತಿ ಎದ್ದು ಜಾಗ ಕೊಡಲು ಬಂದಳು. ಬೇಡವೆಂದು ಅವಳನ್ನೇ ಕೂರಿಸಿ, ಕಂಬಿ ಹಿಡಿದು ನಿಂತೆ. ಅವಳು ನನ್ನ ಚೀಲವನ್ನು ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ಊಟ ಸರಿಯಾಗಿ ಮಾಡ್ತಾ ಇದ್ದೀರಾ ಅಮ್ಮ? ಸಣ್ಣ ಆಗಿದ್ದೀರಿ," ಎಂದಳು. ಯಾರೂ ಕೇಳದ ಪ್ರಶ್ನೆ ಅದು. ಮಾಡ್ತೀನಿ ಎಂದು ಹೇಳಿ ಕಿಟಕಿಯಾಚೆ ನೋಡಿದೆ. ಚಿಕ್ಕಮಗಳೂರು ಬರುವವರೆಗೂ ಅವಳು ತನ್ನ ಮನೆಯ ಸುದ್ದಿ ಹೇಳುತ್ತಾ ಬಂದಳು. ನಾನು ಕೇಳುತ್ತಾ ಬಂದೆ.