ಬಲಗಡೆಗೆ ಬಿದ್ದ ಹೂ

ದೇವರ ಹೂವನ್ನು ಬಲಗಡೆಗೆ ಬೀಳುವಂತೆ ಮಾಡಿದವನು ನಾನು. ದೇವರಲ್ಲ.

ಈ ಒಂದು ಮಾತನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅವ್ವನ ವರ್ಷದ ತಿಥಿ ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ, ಮೊಮ್ಮಗಳ ಪರೀಕ್ಷೆ ಮುಗಿಯಲಿ — ಹೀಗೆ ಮುಂದೂಡುತ್ತಲೇ ಬಂದೆ. ಈಗ ಹೊಸ ನೆಪ ಹೊಳೆಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಧೈರ್ಯ ಬಂದು ಅಲ್ಲ.

ನಾನು ಮೆಟ್ರಿಕ್‌ವರೆಗೆ ಓದಿದವನು. ಗದಗಿನಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕುವ ಸಣ್ಣ ಪ್ರೆಸ್ ನಡೆಸಿದೆ. ಈಗ ಮಗ ನಡೆಸುತ್ತಾನೆ. ಮನೆ ಬೆಟಗೇರಿಯಲ್ಲಿ. ಪ್ರವಾಸ ಕಂಪನಿಯವರ ಕರಪತ್ರಗಳಿಗೆ ವಿಮಾನದ ಚಿತ್ರ ಕೆತ್ತಿದ ಒಂದು ಅಚ್ಚಿನ ಬ್ಲಾಕು ಇತ್ತು. ಅದಕ್ಕೆ ಶಾಯಿ ಹಚ್ಚಿ ಒತ್ತಿ ಒತ್ತಿ ರೆಕ್ಕೆಯ ತುದಿ ಸವೆದುಹೋಗಿತ್ತು. ಊರಿನ ಜನರನ್ನೆಲ್ಲ ವಿಮಾನಕ್ಕೆ ಕರೆದವನು ನಾನು, ಹತ್ತಿದವನಲ್ಲ. ವಯಸ್ಸಾದ ಮೇಲೆ ಆ ಆಸೆ ನನ್ನನ್ನು ಗಟ್ಟಿಯಾಗಿ ಹಿಡಿಯಿತು — ಮನೆಮಂದಿಯೆಲ್ಲ ಒಮ್ಮೆ ದುಬೈಗೆ ಹೋಗಿಬರಬೇಕು.

ಟಿಕೇಟು ತೆಗೆಸಿದ್ದೆವು. ಆಗಲೇ ಕೊರೋನಾ ಬಂತು, ಲಾಕ್‌ಡೌನ್ ಬಂತು, ವಿಮಾನಗಳು ನಿಂತವು. ಮುಂದಿನ ವರ್ಷ ಸ್ವಲ್ಪ ಸಡಿಲಾಯಿತು. ಪರೀಕ್ಷೆ ಮಾಡಿಸಿಕೊಂಡು ಹೋಗಬಹುದು, ಪರೀಕ್ಷೆ ಮಾಡಿಸಿಕೊಂಡು ಬರಬಹುದು ಎಂದರು. ಇವತ್ತಿನ ನಿಯಮ ನಾಳೆ ಇರುತ್ತಿರಲಿಲ್ಲ. ಮಗ ಪ್ರೆಸ್ಸಿನಿಂದ ಬಂದವನೇ ಕೇಳಿದ:

“ಅಪ್ಪಾ, ಈಗ ಬಿಟ್ಟಾರ, ನಾಳೆ ಮುಚ್ಚಿದ್ರೂ ಮುಚ್ಚಿದ್ರು. ಹೋಗೂದಿದ್ರ ಈಗ ಹೋಗೂಣು, ಇಲ್ಲಂದ್ರ ಆಸೆ ಬಿಟ್ಟುಬಿಡೂಣು. ನೀವು ಹೇಳಿದಂಗ.”

ನನ್ನ ಹೆಂಡತಿ ಒಳಗಿನಿಂದಲೇ ಅಂದಳು: “ಅವರನ್ನೇನ್ ಕೇಳ್ತಿ? ಅವರು ಕನಸಿನ್ಯಾಗ ಆಗಲೇ ಹೋಗಿ ಕುಂತಾರ. ಬಾಯಿಗೆ ಮಾಸ್ಕ್ ಕಟಗೊಂಡು ನೋಡೂದೂ ಒಂದು ನೋಡೂದೇನ್ರೀ?”

ನಾನು ನಕ್ಕೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಯಾಕೆಂದರೆ ಅವ್ವ ಇದ್ದಳು. ತೊಂಬತ್ತು ದಾಟಿದ ಜೀವ. ಕೈ ಹಿಡಿದರೆ ಮಂಚದಿಂದ ಪಡಸಾಲೆಯವರೆಗೆ ಬರುತ್ತಿದ್ದಳು, ಅಷ್ಟೇ. ಅವಳನ್ನು ಕರೆದೊಯ್ಯುವಂತಿರಲಿಲ್ಲ. ಅವಳನ್ನು ನೋಡಿಕೊಳ್ಳಲು ಒಬ್ಬಳೇ ಇದ್ದಳು — ಲಕ್ಷ್ಮೇಶ್ವರಕ್ಕೆ ಕೊಟ್ಟ ನನ್ನ ತಂಗಿ. ಗಂಡ ತೀರಿಕೊಂಡಿದ್ದ, ಮಗಳ ಮದುವೆಯಾಗಿತ್ತು. ಕರೆದಾಗಲೆಲ್ಲ ಒಂದು ಚೀಲ ಹಿಡಿದು ಬಂದುಬಿಡುತ್ತಿದ್ದಳು. ಆ ಸಲವೂ ಬಂದಳು. ವಿಷಯ ಕೇಳಿದ ಮೇಲೆ ಚೀಲವನ್ನು ಬಾಗಿಲಲ್ಲೇ ಇಟ್ಟಳು.

“ಅಣ್ಣಾ, ಈಗ ಬ್ಯಾಡೋ. ಅವ್ವಗ ಏನರ ಆತಂದ್ರ ನಾ ಒಬ್ಬಾಕಿ ಎಲ್ಲಿ ಓಡ್ಲಿ? ದವಾಖಾನ್ಯಾಗ ಒಳಗ ಬಿಡೂದಿಲ್ಲ, ಹೊರಗ ನಿಂದ್ರಗೊಡೂದಿಲ್ಲ.”

“ಎಂಟ್ಹತ್ತು ದಿನದ ಮಾತು. ಫೋನ್ ಇರತೈತಲ್ಲ.”

“ಫೋನ್ ಬಂದು ಅವ್ವನ್ನ ಎತ್ತಿ ಕುಂದ್ರಸತೈತೇನು?”

ಮಂಚದ ಮೇಲಿಂದ ಅವ್ವ ತಲೆ ಎತ್ತಿದಳು. “ಹೋಗ್ಲಿ ಬಿಡ ಅಂವ. ದುಬೈ ಅಂದ್ರ ಹುಬ್ಬಳ್ಳಿ ದಾಟಿ ಎಷ್ಟು ದೂರ ಆಗತೈತೋ?” ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ತಂಗಿ ನಗಲಿಲ್ಲ.

ಸಂಜೆತನಕ ಅದೇ ಮಾತು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು — ಅವಳೇ. “ಈರಭದ್ರ ದೇವರನ್ನ ಕೇಳೂಣು. ಅಂವ ಬಲಕ್ಕ ಹೂ ಕೊಟ್ರ ನಾ ಬಾಯಿ ಮುಚ್ಚಗೊಂಡು ಅವ್ವನ ಹಂತೇಕ ಕುಂಡ್ರತೀನಿ. ಎಡಕ್ಕ ಕೊಟ್ರ ನೀವು ಯಾರೂ ಹೊಸ್ತಿಲಾ ದಾಟಬಾರದು.”

ನಮ್ಮ ಮನೆತನದಲ್ಲಿ ದೊಡ್ಡ ಕೆಲಸಗಳನ್ನೆಲ್ಲ ಹೀಗೇ ನಿರ್ಧರಿಸುತ್ತಿದ್ದರು. ಹೆಣ್ಣು ತರುವುದು, ಬಾವಿ ತೋಡುವುದು, ಹೊಲ ಕೊಳ್ಳುವುದು. ಮುಂಡರಗಿ ಕಡೆಯ ನಮ್ಮ ಮೂಲ ಊರಿನ ಗುಡಿಯಲ್ಲಿ ಪೂಜಾರಿ ದೇವರ ಎಡಬಲಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಮನೆಯವರು ಎದುರಿಗೆ ಕೂತು ಕೇಳಿಕೊಳ್ಳುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ದೇವರು ಒಪ್ಪಿದ. ಎಡಗಡೆಯದು ಬಿದ್ದರೆ ಬೇಡ ಎಂದ. ಆದರೆ ಕೊರೋನಾದ ಹೆದರಿಕೆಗೆ ಊರವರು ಆಗಿನ್ನೂ ಗುಡಿಗೆ ಜನರನ್ನು ಬಿಡುತ್ತಿರಲಿಲ್ಲ. ಪೂಜಾರಿ ಒಬ್ಬನೇ ಹೋಗಿ ದೀಪ ಹಚ್ಚಿ ಬರುತ್ತಿದ್ದ. ಫೋನ್ ಮಾಡಿದರೆ, “ಮನ್ಯಾಗಿನ ಮೂರ್ತಿಗೇ ಕೇಳ್ರಿ. ಮನೀ ಹಿರೇರು ನೀವ ಹೂ ಏರಸ್ರಿ” ಎಂದುಬಿಟ್ಟ.

ಹೀಗೆ ಹೂ ನನ್ನ ಕೈಗೆ ಬಂತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಕೂತೆ. ಹಿತ್ತಲಿನ ಕಣಗಿಲೆ ಹೂ ಎರಡು. ನನ್ನ ಬೆನ್ನ ಹಿಂದೆ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರು. ಕಾಗದ, ಅಂಟು — ಇವುಗಳ ನಡುವೆಯೇ ಬದುಕಿದವನು ನಾನು. ಯಾವುದು ಹಿಡಿಯುತ್ತದೆ, ಯಾವುದು ಒಣಗಿ ಬಿಡುತ್ತದೆ ಎಂದು ಬೆರಳಿಗೇ ಗೊತ್ತು. ಎಡಗಡೆಯ ಹೂವಿನ ತೊಟ್ಟನ್ನು ಗಂಧದ ಬಟ್ಟಲಲ್ಲಿ ಒತ್ತಿ ಅಂಟಿಸಿದೆ. ಬಲಗಡೆಯದಕ್ಕೆ ಬರೀ ನೀರು ಸೋಕಿಸಿದೆ. ಕೈ ತಡೆಯಿತು ಎಂದು ಇಲ್ಲಿ ಬರೆಯಬೇಕೆನಿಸುತ್ತದೆ — ತಡೆಯಲಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಮಾಡಿದಷ್ಟೇ ಸಲೀಸಾಗಿ ಮಾಡಿದೆ.

ಮೊಮ್ಮಗ ಮೊದಲು ಕೂಗಿದ: “ಬಿತ್ತು! ಬಲಕ್ಕ ಬಿತ್ತು!”

ತಂಗಿ ಕಣ್ಣು ತೆರೆದು ಹೂವನ್ನೇ ನೋಡಿದಳು. ಆಮೇಲೆ ನೆಲಕ್ಕೆ ಹಣೆ ಹಚ್ಚಿದಳು. ಎದ್ದಾಗ ಅವಳ ಮುಖದಲ್ಲಿ ನಿನ್ನೆಯ ಹೆದರಿಕೆ ಇರಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ — ಹೆದರಿಕೆ ಅವಳನ್ನು ಬಿಟ್ಟುಹೋದದ್ದನ್ನು. “ಆತು ಅಣ್ಣಾ, ಆರಾಮ ಹೋಗಿಬರ್ರಿ. ಅವ್ವಗ ಏನೂ ಆಗೂದಿಲ್ಲ. ಅಂವನ ಮಾತು ಕೊಟ್ಟಾನಲ್ಲ” ಎಂದಳು.

ಹೋದೆವು. ಕಿಟಕಿಯ ಪಕ್ಕ ಕೂತೆ. ಮೋಡ ಕಾಲ ಕೆಳಗೆ ಬಂದಾಗ ಸಣ್ಣ ಹುಡುಗನಂತೆ ಖುಷಿಪಟ್ಟೆ. ಎತ್ತರದ ಕಟ್ಟಡ ನೋಡಿದೆವು, ಸಮುದ್ರದಲ್ಲಿ ಕಾಲಿಟ್ಟೆವು. ಆ ದಿನಗಳಲ್ಲಿ ನನಗೆ ಒಮ್ಮೆಯೂ ಪಶ್ಚಾತ್ತಾಪವಾಗಲಿಲ್ಲ — ಇದನ್ನೂ ಹೇಳಿಬಿಡಬೇಕು.

ಮರಳುವ ಮುಂಚಿನ ಪರೀಕ್ಷೆಯಲ್ಲಿ ನನಗೂ ಹೆಂಡತಿಗೂ ಪಾಸಿಟಿವ್ ಬಂತು. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ವಿಮಾನ ಹತ್ತುವಂತಿಲ್ಲ. ನಮ್ಮಿಬ್ಬರನ್ನು ಒಂದು ಕೋಣೆಯಲ್ಲಿಟ್ಟರು. ಮಗನ ಸಂಸಾರವನ್ನು ಇನ್ನೊಂದರಲ್ಲಿ. ಊಟ ಬಾಗಿಲಿನ ಹೊರಗೆ ಇಟ್ಟು ಹೋಗುತ್ತಿದ್ದರು. ಅದೇ ಹೊತ್ತಿಗೆ ಇಲ್ಲಿ ಊರಲ್ಲಿ ಕೊರೋನಾದ ಎರಡನೆಯ ಅಲೆ ಎದ್ದಿತ್ತು.

ತಂಗಿಯ ಫೋನ್ ಬಂತು. “ಅಣ್ಣಾ, ಅವ್ವನ ಮೈ ಬೆಚ್ಚಗ ಐತಿ. ಕಷಾಯ ಕೊಟ್ಟೀನಿ. ಗಾಬರಿ ಆಗಬ್ಯಾಡ, ದೇವರ ಅದಾನ.” ದೇವರಿದ್ದಾನೆ ಎಂಬ ಧೈರ್ಯದ ಮೇಲೆ ಅವಳು ಒಂದು ದಿನ ಕಾದಳು, ಮತ್ತೊಂದು ದಿನ ಕಾದಳು. ನಾನು ಹೇಳಬಹುದಿತ್ತು — ಕಾಯಬೇಡ, ದೇವರು ಏನೂ ಹೇಳಿಲ್ಲ, ಆ ಹೂ ನನ್ನದು, ಈಗಿಂದೀಗಲೇ ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗು. ಫೋನ್ ಕೈಯಲ್ಲೇ ಇತ್ತು. “ಹುಷಾರ ನೋಡ್ಕೋ” ಎಂದೆ. ಅಷ್ಟೇ ಎಂದೆ.

ಅವ್ವನ ಉಸಿರು ಸಿಕ್ಕಿಕೊಂಡಾಗ ತಂಗಿ ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ದವಾಖಾನೆಯಿಂದ ದವಾಖಾನೆಗೆ ತಿರುಗಿದಳು. ಬೆಡ್ ಇಲ್ಲ, ಬೆಡ್ ಇಲ್ಲ. ನಾನು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದೆ. ಮಗ ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚುತ್ತಿದ್ದ. ಎತ್ತಿದವರಿಗೆ ಅವರವರದೇ ಸಂಕಟ. ಕೊನೆಗೆ ಬೆಡ್ ಸಿಕ್ಕಿತು. ಅವ್ವ ಉಳಿಯಲಿಲ್ಲ.

ನಮ್ಮಲ್ಲಿ ಹೂಳುತ್ತೇವೆ. ಮಕ್ಕಳು ಮಣ್ಣು ಕೊಡಬೇಕು. ಒಬ್ಬನೇ ಮಗ ನಾನು. ಮೈತುಂಬ ಬಿಳಿ ಅಂಗಿ ತೊಟ್ಟವರು ಅವ್ವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಳಿಸಿದರಂತೆ. ತಂಗಿ ದೂರದಲ್ಲೇ ನಿಲ್ಲಬೇಕಾಯಿತಂತೆ. ಕೈಕಾಲು ಹಿಡಿದು ಕೇಳಿಕೊಂಡ ಮೇಲೆ ಅವರು ಅವಳನ್ನು ಬಿಟ್ಟರು. ಅವಳು ಎರಡು ಹಿಡಿ ಮಣ್ಣು ಹಾಕಿದಳು. ಒಂದು ತನ್ನದು, ಇನ್ನೊಂದು ನನ್ನದು.

ನಾವು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾತಾಡಿಸಲು ಬಂದ ಬಂಧುಗಳು ನನಗೆ ಏನೂ ಅನ್ನಲಿಲ್ಲ. ದೇವರ ಅಪ್ಪಣೆ ಪಡೆದು ಹೋದವನಿಗೆ ಏನನ್ನುತ್ತಾರೆ? “ನಿಂದೇನ್ ತಪ್ಪೋ, ದೇವರ ಹೂ ಕೊಟ್ಟಿದ್ದ” ಎಂದು ಬೆನ್ನು ಸವರಿದರು. ಆಮೇಲೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು: “ಆಕಿ ಎರಡ ದಿನ ಮೊದಲ ದವಾಖಾನಿಗೆ ಒಯ್ದಿದ್ರ ಮುದುಕಿ ಉಳೀತಿತ್ತು.” ನನಗೆ ಕೇಳಿಸಿತು. ಒಳಗಿದ್ದ ಅವಳಿಗೂ ಕೇಳಿಸಿತು. ನಾನು ಎದ್ದು ಅವರನ್ನು ಬಾಗಿಲವರೆಗೆ ಕಳಿಸಿ ಬಂದೆ.

ಎಲ್ಲರೂ ಹೋದ ಮೇಲೆ ಅವಳು ಬಂದು ನನ್ನ ಎದುರಿಗೆ ಕೂತಳು. ಅತ್ತು ಅತ್ತು ದನಿ ಹೋಗಿತ್ತು.

“ಅಣ್ಣಾ, ದೇವರು ಬಲಕ್ಕ ಹೂ ಕೊಟ್ಟಿದ್ದ. ಅಂವ ಸುಳ್ಳಾಡೂದಿಲ್ಲ. ಅಂದ್ರ ಅವ್ವ ಉಳ್ಯಾಕಿ ಇದ್ಲು. ನಾನ ಎಲ್ಲೋ ತಪ್ಪೀನಿ. ಖರೆ ಹೇಳು, ನನ್ನ ಕೈಲೇ ಆತಲ್ಲ?”

ನಿಜ ಹೇಳಬೇಕಾಗಿದ್ದ ಹೊತ್ತು ಅದೇ. ಇನ್ನು ಅಂಥ ಹೊತ್ತು ಸಿಗುವುದಿಲ್ಲ. ಬಾಯಿ ತೆರೆದೆ — ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಹಣೇಬರ. ಬಿಡು.”

ಅಲ್ಲ ಎಂದೂ ಅನ್ನಲಿಲ್ಲ. ನಿನ್ನ ಕೈಯಿಂದ ಆಗಲಿಲ್ಲ ಎಂದಾದರೂ ಅನ್ನಬಹುದಿತ್ತು.

ಅವಳು ಆ ಮಾತನ್ನು ಹೊತ್ತುಕೊಂಡು ಲಕ್ಷ್ಮೇಶ್ವರಕ್ಕೆ ಹೋದಳು. ಅಂದಿನಿಂದ ದೇವರ ಮುಂದೆ ದೀಪ ಹಚ್ಚಿಲ್ಲ. ದೇವರ ಮೇಲಿನ ಸಿಟ್ಟಿಗಲ್ಲ. ತನ್ನ ಕೈ ಸರಿಯಿಲ್ಲ ಎಂದು. ಮಗಳ ಬಾಣಂತನಕ್ಕೆ ಹೋಗಲಿಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಇಟ್ಟರೆ, “ತಗೋರಿ, ತಗೋರಿ, ನನ್ನ ಕೈಯಾಗ ಕೊಡಬ್ಯಾಡ್ರಿ” ಅನ್ನುತ್ತಾಳಂತೆ. ಇಡೀ ಓಣಿಯ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದ ಕೈ ಅದು.

ಹೇಳಬೇಕೆಂದೇ ಎಷ್ಟೋ ಸಲ ಲಕ್ಷ್ಮೇಶ್ವರದ ಬಸ್ಸು ಹತ್ತಿದ್ದೇನೆ. ಹೋಗುತ್ತೇನೆ, ಅವಳು ಮಾಡಿದ ಚಹಾ ಕುಡಿಯುತ್ತೇನೆ, ಮೊಣಕಾಲು ನೋವಿನ ಮಾತಾಡುತ್ತೇನೆ, ಎದ್ದು ಬರುತ್ತೇನೆ. ಹೋದ ತಿಂಗಳು ಬಾಗಿಲವರೆಗೆ ಬಂದು ಕೇಳಿದಳು: “ಏನರ ಹೇಳೂದಿತ್ತೇನೋ ಅಣ್ಣಾ? ಸುಮ್ಮ ಸುಮ್ಮನ ಬರ್ತಿ, ಮಾರಿ ನೋಡ್ತಿ, ಹೋಗ್ತಿ.”

“ಏನಿಲ್ಲ. ನೋಡಬೇಕನಿಸ್ತು, ಬಂದೆ” ಎಂದೆ.

ಹೇಳಿದರೆ ಅವಳ ಭಾರ ಇಳಿದೀತು. ಆದರೆ ದೇವರ ಜಾಗದಲ್ಲಿ ಒಬ್ಬ ಕಳ್ಳ ಅಣ್ಣ ಕೂತಿದ್ದ ಎಂದು ತಿಳಿದ ಮೇಲೆ ಅವಳಿಗೆ ಯಾರು ಉಳಿದಾರು? ಹೀಗೆಲ್ಲ ಅಂದುಕೊಳ್ಳುತ್ತೇನೆ. ಇದೂ ನೆಪವೇ ಎಂದು ನನಗೆ ಗೊತ್ತು. ನನಗೆ ಅವಳ ಚಿಂತೆಯಿಲ್ಲ. ಅವಳು ನನ್ನನ್ನು ನೋಡುವ ಆ ಒಂದು ನೋಟಕ್ಕೆ ಹೆದರಿದ್ದೇನೆ.

ಇಲ್ಲಿ ಬರೆದದ್ದು ಅವಳಿಗೆ ಮುಟ್ಟುವುದಿಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಅವಳನ್ನು ಎಮ್ಮೆ ಕಾಯಲು ಕಳಿಸಿದರು. ಅವಳಿಗೆ ಓದು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದೆನೋ ಏನೋ. ಓದುವ ನೀವೆಲ್ಲ ತಿಳಿದುಕೊಂಡಿರಿ, ತಿಳಿಯಬೇಕಾದವಳು ಮಾತ್ರ ತಿಳಿಯಲಿಲ್ಲ. ಇದನ್ನು ಕ್ಷಮೆ ಕೇಳಿದ್ದು ಎಂದು ನಾನು ಲೆಕ್ಕ ಹಿಡಿಯುವುದಿಲ್ಲ. ನೀವೂ ಹಿಡಿಯಬೇಡಿ.

ಅವಳ ಹೆಸರನ್ನು ಇಷ್ಟು ಹೊತ್ತು ಬರೆಯಲಾಗಲಿಲ್ಲ. ತಂಗಿ, ತಂಗಿ ಎಂದೇ ಬರೆದೆ. ಅವಳ ಹೆಸರು ನೀಲವ್ವ.