ಆನೇಕಲ್ ಕೋಳಿಯ ಬಿಳಿ ಮೊಟ್ಟೆ

ಜಗಳಗಂಟಿ ಅನ್ನಿ, ಬಾಯಿಬಡುಕಿ ಅನ್ನಿ, ನಕ್ಕು ಸುಮ್ಮನಾಗುತ್ತೇನೆ. ಮೋಸಗಾತಿ ಅಂದರೆ ಮಾತ್ರ ನನ್ನ ಮೈ ಉರಿಯುತ್ತದೆ. ಆ ಮಾತನ್ನು ನನ್ನ ವಾರಗಿತ್ತಿ ಅಂದಳು. ಅದೂ ಮೆಟ್ಟಿಲ ಮೇಲೆ ನಿಂತು, ಬಾಡಿಗೆಯವರೆಲ್ಲ ಕೇಳುವ ಹಾಗೆ.

ವರ್ತೂರಿನಲ್ಲಿ ನಮ್ಮದು ಒಂದೇ ಕಟ್ಟಡ. ಕೆಳಗೆ ಅತ್ತೆಯ ಜೊತೆ ನಾವು, ಒಂದನೇ ಮಹಡಿಯಲ್ಲಿ ನನ್ನ ಗಂಡನ ಅಣ್ಣನ ಸಂಸಾರ, ಅದರ ಮೇಲಿನದೆಲ್ಲ ಬಾಡಿಗೆಗೆ. ಹೊಲವಿದ್ದ ಜಾಗದಲ್ಲಿ ಕಟ್ಟಡ ಎದ್ದರೂ ಅತ್ತೆ ಹಿತ್ತಲಿನ ಕೋಳಿಗಳನ್ನು ಬಿಟ್ಟಿರಲಿಲ್ಲ. ಮಂಡಿನೋವು ಜಾಸ್ತಿಯಾದ ಮೇಲೆ ಗೂಡನ್ನು ನನ್ನ ಕೈಗೆ ಒಪ್ಪಿಸಿದರು. ಹಿರಿಸೊಸೆ ಇರುವಾಗ ಕಿರಿಯವಳಿಗೆ ಕೊಟ್ಟರಲ್ಲ ಎಂದು ಅಕ್ಕನಿಗೆ ಹೊಟ್ಟೆಯಲ್ಲಿ ಬೆಂಕಿ. ವಾರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಕರೆಯುವುದಕ್ಕೇನು ಖರ್ಚು!

ನಾಟಿ ಮೊಟ್ಟೆ ಎಂದು ಮೇಲಿನ ಬಾಡಿಗೆಯವರು ನನ್ನ ಹತ್ತಿರವೇ ಕೊಳ್ಳುತ್ತಿದ್ದರು. ನಮ್ಮ ಹಳೆಯ ಕೋಳಿಗಳ ಮೊಟ್ಟೆ ತಿಳಿಗಂದು, ಕೆಲವು ಕೆನೆಬಣ್ಣ. ಹೀಗಿರುವಾಗ ಆನೇಕಲ್ ಸಂತೆಯಿಂದ ನಾನೊಂದು ಕಪ್ಪು ಕೋಳಿ ತಂದೆ. ಮೈಕಟ್ಟು ಚೆನ್ನಾಗಿತ್ತು, ಮೂತಿಯಲ್ಲಿ ಸೊಕ್ಕಿತ್ತು, ನನಗೆ ಇಷ್ಟವಾಯಿತು. ಅದು ಮೊಟ್ಟೆ ಇಡಲು ಶುರು ಮಾಡಿದಾಗ ನಾನೇ ಬೆಪ್ಪಾದೆ. ಮೊಟ್ಟೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಒಡೆದು ಕಾವಲಿಗೆ ಹಾಕಿ ನೋಡಿದೆ. ಅದೇ ಲೋಳೆ, ಅದೇ ಹಳದಿ, ಅದೇ ರುಚಿ. ಕೋಳಿಯ ತಳಿ ಬೇರೆ, ಆದ್ದರಿಂದ ಚಿಪ್ಪಿನ ಬಣ್ಣ ಬೇರೆ, ಅಷ್ಟೇ. ಆದರೆ ಬಾಡಿಗೆಯವರಿಗೆ ಯಾರು ಹೇಳಬೇಕು? ಬುಟ್ಟಿಯಲ್ಲಿ ಕೈಯಾಡಿಸಿ ಕಂದು ಮೊಟ್ಟೆಗಳನ್ನೇ ಆರಿಸಿಕೊಂಡು ಹೋಗುತ್ತಿದ್ದರು. ಬಿಳಿಯವು ಹಾಗೇ ಉಳಿಯುತ್ತಿದ್ದವು.

ಒಂದು ಭಾನುವಾರ ಅಕ್ಕ ಮೆಟ್ಟಿಲು ಇಳಿದು ಬರುತ್ತಾ ಬುಟ್ಟಿಯತ್ತ ಬಗ್ಗಿ ನೋಡಿದಳು.

“ಫಾರಂ ಮೊಟ್ಟೆ ತಂದು ಬೆರಸ್ತಾ ಇದೀಯೇನೇ? ನಾಟಿ ಅಂತ ಮಾರೋಕೆ ನಾಚ್ಕೆ ಆಗಲ್ವಾ? ಮನೆ ಮರ್ಯಾದೆ ತೆಗೀತೀಯ, ಮೋಸಗಾತಿ!” ಎಂದಳು. ಮೇಲಿನ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.

“ನೀನು ನೋಡಿದ್ಯಾ ನಾನು ಬೆರಸಿದ್ದು?” ಎಂದು ನಾನೂ ಗಂಟಲು ಎತ್ತಿದೆ.

“ನೋಡೋದೇನು? ಕಣ್ಣಿಗೆ ಕಾಣ್ತಾ ಇಲ್ವಾ? ನಾನು ಸೂಪರ್ ಮಾರ್ಕೆಟ್‌ನಿಂದ ತರ್ತೀನಲ್ಲ ಡಬ್ಬೀಲಿ, ಬ್ರೌನ್ ಮೊಟ್ಟೆ, ಅದು ನಾಟಿ!”

ಅವಳ ಮಾತಿಗಿಂತ ಹೆಚ್ಚು ನೋಯಿಸಿದ್ದು ಪಕ್ಕದಲ್ಲೇ ಕೂತಿದ್ದ ಅತ್ತೆ. ಅವರು ಒಂದು ಬಿಳಿ ಮೊಟ್ಟೆ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ನಮ್ ಗೂಡ್ನಾಗೆ ಯಾವತ್ತೂ ಇಂಗೆ ಬೆಳ್ಳಗೆ ಇಟ್ಟಿಲ್ಲ ಕಣವ್ವ,” ಎಂದರು. ಆಮೇಲೆ ಮೆಲ್ಲಗೆ, “ದೊಡ್ಡೋಳು ಯೋಳೋದು ನಿಜ ಆದ್ರೆ ಕೋಳಿ ಅವಳೇ ನೋಡ್ಕಳ್ಲಿ,” ಎಂದರು.

ಕೋಳಿ ಹೋದರೆ ಹೋಗಲಿ ಅನ್ನಬಹುದಿತ್ತು. ನನ್ನನ್ನು ನಂಬಿ ಗೂಡು ಕೊಟ್ಟ ಹೆಂಗಸು ನನ್ನನ್ನೇ ನಂಬುವುದಿಲ್ಲವಲ್ಲ! ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

“ಅತ್ತೆ, ಫಾರಂನಲ್ಲಿ ಹುಂಜ ಬಿಡಲ್ಲ. ಅಲ್ಲಿನ ಮೊಟ್ಟೆ ಮರಿ ಆಗಲ್ಲ ತಾನೇ?”

“ಇಲ್ಲ.”

“ಹಂಗಾದ್ರೆ ಕಾವಿಗೆ ಇಡಿ. ನನ್ನ ಬಿಳಿ ಮೊಟ್ಟೆ ನಾಲ್ಕು, ಅಕ್ಕನ ಡಬ್ಬಿ ಮೊಟ್ಟೆ ನಾಲ್ಕು. ಒಂದೇ ಕೋಳಿ ಕೆಳಗೆ ಇಡಿ. ಮರಿ ಯಾವುದು ಆಗುತ್ತೋ ನೋಡೇ ಬಿಡೋಣ!”

ಬಾಯಿಂದ ಬಂದೇ ಬಿಟ್ಟಿತು. ಅಕ್ಕ ಕೈ ತಟ್ಟಿ, “ಆಗ್ಲಿ, ಇಡಿ!” ಎಂದು ಡಬ್ಬಿ ತರಲು ಮೇಲಕ್ಕೆ ಓಡಿದಳು.

ಅದೇ ವಾರ ನಮ್ಮ ಚುಕ್ಕೆ ಕೋಳಿ ಕಾವಿಗೆ ಬಂದು ಮುಟ್ಟಿದವರನ್ನೆಲ್ಲ ಕುಕ್ಕುತ್ತಿತ್ತು. ಅತ್ತೆ ಬಿದಿರ ಬುಟ್ಟಿಗೆ ರಾಗಿಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಇದ್ದಿಲಿನ ಚೂರು ಇಟ್ಟು, ಯಾರೂ ಅದಲು ಬದಲು ಮಾಡದ ಹಾಗೆ ಪ್ರತಿ ಮೊಟ್ಟೆಗೂ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದರು. ಬುಟ್ಟಿಯನ್ನು ಎಲ್ಲರೂ ಓಡಾಡುವ ಮೆಟ್ಟಿಲ ಕೆಳಗೇ ಇಡಿಸಿ, “ಇಬ್ರೂ ಮುಟ್ಟಂಗಿಲ್ಲ. ಮೇವು ನೀರು ನಾನೇ ನೋಡ್ಕತೀನಿ,” ಎಂದರು.

ರಾತ್ರಿ ಮಲಗಿದಾಗ ಒಂದು ವಿಷಯ ತಲೆಗೆ ಹೊಳೆದು ನಿದ್ದೆಯೇ ಹಾರಿಹೋಯಿತು. ನಮ್ಮ ಹುಂಜಕ್ಕೂ ಆನೇಕಲ್ ಕೋಳಿಗೂ ಆಗಿಬರುತ್ತಿರಲಿಲ್ಲ! ಅದು ಹತ್ತಿರ ಬಂದರೆ ಇದು ಕುಕ್ಕಿ ಓಡಿಸುತ್ತಿತ್ತು. ಎರಡೂ ಕೂಡಿದ್ದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕೂಡದಿದ್ದರೆ ನನ್ನ ಮೊಟ್ಟೆಯೂ ಫಾರಂ ಮೊಟ್ಟೆಯ ಹಾಗೇ ಕೊಳೆಯುತ್ತದೆ, ಮೋಸ ಮಾಡದೆಯೂ ನಾನು ಮೋಸಗಾತಿಯಾಗುತ್ತೇನೆ. ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು. “ಈಗ ಹುಂಜಾನ ಕೇಳಕ್ಕಾಗುತ್ತಾ?” ಎಂದರು. ಆ ಮನುಷ್ಯನಿಗೆ ಮಾರನೆಯ ದಿನ ಬರೀ ಗಂಜಿ ಕಾಯಿಸಿ ಹಾಕಿದೆ.

ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಆಫೀಸಿಗೆ ಹೊರಟವರು, ಹಾಲು ತರುವವರು, ಎಲ್ಲರೂ ಮೆಟ್ಟಿಲ ಕೆಳಗೆ ಬಗ್ಗಿ, “ಏನಾಯ್ತು ಆಂಟಿ?” ಎಂದು ಕೇಳುವವರೇ. ಅಕ್ಕ ಮಾತ್ರ ಮೂಗು ಎತ್ತಿಕೊಂಡು ಹಾದುಹೋಗುತ್ತಿದ್ದಳು. ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಒಂದು ಸಂಜೆ ಗುಡುಗಿದಾಗ ನಾನು ಬುಟ್ಟಿಯ ಪಕ್ಕದಲ್ಲೇ ಕೂತುಬಿಟ್ಟೆ. ಗುಡುಗಿಗೆ ನಾನೇನು ಮಾಡಬಲ್ಲೆ? ಆದರೂ ಕೂತೆ.

ಕೊನೆಗೆ ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಅತ್ತೆ ಕೂಗಿದರು. “ಬಾರಮ್ಮಿ ಇಲ್ಲಿ!”

ಚೊಂಬು ಅಲ್ಲೇ ಬಿತ್ತು. ಚುಕ್ಕೆ ಕೋಳಿಯ ರೆಕ್ಕೆಯಡಿಯಿಂದ ಒದ್ದೆ ತಲೆಯೊಂದು ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಬಿಳಿ ಚಿಪ್ಪು, ಅದರ ಮೇಲೆ ಅತ್ತೆಯ ಗುರುತು. ನೋಡುತ್ತಿದ್ದಂತೆ ಇನ್ನೊಂದು ಬಿರಿಯಿತು. ಮಧ್ಯಾಹ್ನದೊಳಗೆ ನನ್ನ ನಾಲ್ಕೂ ಮರಿಗಳು ಹೊರಗೆ ಬಂದು ಚಿಂವ್ ಚಿಂವ್ ಎನ್ನುತ್ತಿದ್ದವು. ನಾಲ್ಕಕ್ಕೆ ನಾಲ್ಕು! ನಾನು ಕಿರುಚಿದ್ದು ಕೆರೆ ಏರಿಯ ತನಕ ಕೇಳಿಸಿರಬೇಕು. ಹುಂಜಕ್ಕೆ ಅಂದು ಎರಡು ಹಿಡಿ ಜೋಳ ಜಾಸ್ತಿ ಹಾಕಿದೆ.

ಕಂದು ಮೊಟ್ಟೆಗಳು ಇಟ್ಟ ಹಾಗೇ ಬಿದ್ದಿದ್ದವು. “ಇನ್ನೊಂದು ದಿನ ನೋಡೋಣ, ಲೇಟಾಗಿ ಆಗ್ಬೋದು,” ಎಂದಳು ಅಕ್ಕ. ಅತ್ತೆ ಒಪ್ಪಿದರು. ಮಾರನೆಯ ದಿನ ಅವರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗುಳುಗುಳು ಎಂದಿತು. “ಕೊಳ್ತೋಗೈತೆ ಕಣೆ,” ಎಂದು ಅಕ್ಕನ ಕೈಗೆ ಕೊಡಲು ಹೋದರು. ಅವಳು ಕೈ ಕೊಡವಿಕೊಂಡಳು. ಮೊಟ್ಟೆ ನೆಲಕ್ಕೆ ಬಿದ್ದು ಒಡೆಯಿತು. ಅಯ್ಯಯ್ಯೋ, ಆ ನಾತ! ಮಹಡಿ ಮಹಡಿಯಲ್ಲೂ ಜನ ಮೂಗು ಮುಚ್ಚಿಕೊಂಡು ಹೊರಗೆ ಬಂದರು.

ಅಕ್ಕ ಇಂಗು ತಿಂದ ಮಂಗನ ಹಾಗೆ ನಿಂತಿದ್ದಳು. ಮೆಲ್ಲಗೆ ಮೇಲೆ ಹೋಗಲು ನೋಡಿದಳು. ಅತ್ತೆ ಅವಳ ಸೆರಗು ಹಿಡಿದರು.

“ಎಲ್ಲಿಗ್ ಓಯ್ತೀಯ? ಅವತ್ತು ಎಲ್ಲಾರ್ ಮುಂದೆ ಅಂದ್ಯಲ್ಲ, ಇವತ್ತೂ ಎಲ್ಲಾರ್ ಮುಂದೇನೆ ಯೋಳು.” ಆಮೇಲೆ ನನ್ನ ಕಡೆ ತಿರುಗಿ, ತಲೆ ಮೇಲೆ ಕೈಯಿಟ್ಟು, “ನಾನೂ ತಪ್ ತಿಳ್ಕಂಡೆ ಕಣವ್ವ. ಗೂಡು ನಿಂದೇ,” ಎಂದರು. ನನ್ನ ಕಣ್ಣು ತುಂಬಿಬಂತು. ಸೀರೆಯಲ್ಲಿ ಒರೆಸಿಕೊಂಡು ನೆಟ್ಟಗೆ ನಿಂತೆ, ಅಕ್ಕನ ಮಾತು ಕಿವಿ ತಪ್ಪಿ ಹೋಗಬಾರದಲ್ಲ.

ಅಕ್ಕ ನೆಲ ನೋಡಿಕೊಂಡು, “ಇವಳ ಬಿಳಿ ಮೊಟ್ಟೆ ನಾಟೀದೇ. ನಾನು ಅಂದಿದ್ದು ತಪ್ಪು,” ಎಂದಳು.

ಮೂರನೇ ಮಹಡಿಯ ಹುಡುಗಿ, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡವಳು, ಮೆಟ್ಟಿಲ ಕಟಕಟೆಯಿಂದ ಬಗ್ಗಿ, “ಏನಂದ್ರಿ ಆಂಟಿ? ಕೇಳಿಸ್ಲಿಲ್ಲ,” ಎಂದಳು.

ಅಕ್ಕ ಇನ್ನೊಂದು ಸಲ ಹೇಳಬೇಕಾಯಿತು, ಗಟ್ಟಿಯಾಗಿ. ಆ ಹುಡುಗಿಗೆ ನಿಜವಾಗಿ ಕೇಳಿಸಿರಲಿಲ್ಲವೋ, ಬೇಕೆಂದೇ ಕೇಳಿದಳೋ, ನಾನು ಇವತ್ತಿನವರೆಗೂ ವಿಚಾರಿಸಿಲ್ಲ. ನನಗಂತೂ ಎರಡು ಸಲವೂ ಚೆನ್ನಾಗಿ ಕೇಳಿಸಿತು.